ಹೊರಡುವ ಮೊದಲು ಅವರ ಕೈಯಲ್ಲೇ ಮಾಡಿಸಿ

ಮಕ್ಕಳನ್ನು ಓದಲು ಪರದೇಶಕ್ಕೆ ಕಳಿಸುತ್ತಿರುವ ಮನೆಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ, ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಮಗಳಿಗೆ ಒಂದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿದೆ. ಹೊರಡಲು ಐದು ತಿಂಗಳಿದೆ. ಫಾರಂಗಳನ್ನೆಲ್ಲ ಅವಳ ತಂದೆಯೇ ತುಂಬುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಪಾಸ್‌ಪೋರ್ಟಿನಿಂದ. ಫೋಟೊ ಇರುವ ಪುಟದ ಕೆಳಗೆ ಬಾಣದ ತುದಿಯಂಥ ಗುರುತುಗಳು ತುಂಬಿದ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲೂ 44 ಸ್ಥಾನ. ವಿಮಾನ ನಿಲ್ದಾಣದ ಯಂತ್ರ ಓದುವುದು ಇವನ್ನೇ. ಮೊದಲ ಸಾಲಿನಲ್ಲಿ ದೇಶದ ಸಂಕೇತವಾದ ಮೇಲೆ ಸರ್‌ನೇಮ್, ಎರಡು ಬಾಣದ ಗುರುತು, ಆಮೇಲೆ ಗಿವನ್ ನೇಮ್. ಪ್ರವೇಶ ಪತ್ರ, ವೀಸಾ ಅರ್ಜಿ, ಟಿಕೆಟ್, ವಿಮೆ ಎಲ್ಲದರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೀಗೇ ಇರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದನ್ನು ಬಿಡಿಸಿ ಬರೆದ ಹೆಸರು, ಮತ್ತೊಂದರಲ್ಲಿ ಹೆಸರುಗಳ ಹಿಂದುಮುಂದು: ತೊಂದರೆ ಹುಟ್ಟುವುದು ಹೀಗೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ. 'ಮೊದಲ ಹೆಸರು ಗೊತ್ತಿಲ್ಲ' ಎಂದು ಅದರ ಅರ್ಥ. ಆಮೇಲೆ ಅಲ್ಲಿನ ಕಾಗದಪತ್ರಗಳಲ್ಲೂ ಅದೇ ಹೆಸರು ಬೆನ್ನು ಹತ್ತುತ್ತದೆ. ತಿದ್ದಿಸುವುದಿದ್ದರೆ ಈಗಲೇ ತಿದ್ದಿಸಿ, ವೀಸಾ ಆದ ಮೇಲಲ್ಲ.

ಇನ್ನು ಅವಧಿ. ಎಷ್ಟೋ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸು ಇರಬೇಕು ಎನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳಿಗಾದರೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಅಲ್ಲಿಂದ ಹೊರಡುವ ದಿನದಾಚೆಗೆ ಮೂರು ತಿಂಗಳು ಉಳಿದಿರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ಎರಡು ಪುಟ ಖಾಲಿ ಇರಬೇಕು. ಓದುತ್ತಿರುವಾಗಲೇ ಮುಗಿದುಹೋಗುವ ಪಾಸ್‌ಪೋರ್ಟನ್ನು ಹೊರಡುವ ಮೊದಲೇ ಹೊಸದು ಮಾಡಿಸುವುದು ಲೇಸು. ಷೆಂಗೆನ್ನಿನ ಸಾಮಾನ್ಯ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಒಂದು ವರ್ಷದ ಓದಿಗೆ ಆಯಾ ದೇಶದ ದೀರ್ಘಾವಧಿ ವೀಸಾನೇ ಬೇಕು. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾ ಮೊದಲೇ ಕೈಗೆ ಬಂದರೂ ಕೋರ್ಸ್ ಶುರುವಾಗುವ ದಿನಕ್ಕಿಂತ 30 ದಿನ ಮುಂಚೆ ಒಳಗೆ ಬಿಡುವುದಿಲ್ಲ. ಅದಕ್ಕೇ ಟಿಕೆಟ್ ಎಲ್ಲಕ್ಕಿಂತ ಕೊನೆಗೆ. ಅಗ್ಗಕ್ಕೆ ಸಿಕ್ಕಿತೆಂದು ಹಣ ವಾಪಸು ಬಾರದ ಟಿಕೆಟನ್ನು ಮೊದಲೇ ಕೊಂಡಿಡಬೇಡಿ.

ತಂದೆಯವರಿಗೆ ಒಂದು ಮಾತು. ಪೆನ್ನು ಮಗಳ ಕೈಗೆ ಕೊಡಿ. ವೀಸಾ ಸಂದರ್ಶನದಲ್ಲಿ, ಅಲ್ಲಿ ಇಳಿದ ಮೇಲೆ ವಲಸೆ ಅಧಿಕಾರಿಯ ಮುಂದೆ, ಅರ್ಜಿಯಲ್ಲಿ ಬರೆದಿರುವುದನ್ನೇ ಕೇಳುತ್ತಾರೆ: ಫೀಸು ಎಷ್ಟು, ಹಣ ಎಲ್ಲಿಂದ, ಎಲ್ಲಿ ಉಳಿಯುತ್ತೀರಿ. ಇನ್ನೊಬ್ಬರು ತುಂಬಿದ ಅರ್ಜಿಯಾದರೆ ಅವಳು ತಡವರಿಸುತ್ತಾಳೆ, ಆ ತಡವರಿಕೆ ಅನುಮಾನವಾಗಿ ಕಾಣುತ್ತದೆ. ಅವಳು ತುಂಬಲಿ, ನೀವು ಪಕ್ಕದಲ್ಲಿ ಕೂತು ತಪ್ಪು ಹುಡುಕಿ.

ಪ್ರಶ್ನೆ: ನಾವು ಫೀಸು ಕಟ್ಟುವವರು. ಮಗನ ಅಂಕಗಳನ್ನು ಕೇಳಿದರೆ ಅವನ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲವೆಂದು ವಿಶ್ವವಿದ್ಯಾಲಯ ಉತ್ತರಿಸಿತು. ಇದು ಸರಿಯೇ?

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಅವರು ಕಾನೂನಿನಂತೆಯೇ ನಡೆದಿದ್ದಾರೆ. ಅಮೆರಿಕದಲ್ಲಿ 1974ರ 'ಫೆರ್ಪಾ' ಕಾಯ್ದೆ, ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ 'ಜಿಡಿಪಿಆರ್' ಎರಡೂ ವಿದ್ಯಾರ್ಥಿಯ ಮಾಹಿತಿಯನ್ನು ಕಾಯುತ್ತವೆ. ಫೀಸು ಯಾರು ಕಟ್ಟಿದರು ಎಂಬುದರಿಂದಷ್ಟೇ ತಂದೆತಾಯಿಗೆ ಹಕ್ಕು ಬರುವುದಿಲ್ಲ. ಆಸ್ಪತ್ರೆಗಳದ್ದೂ ಇದೇ ರೀತಿ.

ಹೊರಡುವ ಮೊದಲೇ ಮಗನ ಹತ್ತಿರ ಕೂತು ಮಾತಾಡಿಕೊಳ್ಳಿ: ಏನನ್ನು ನಿಮಗೆ ತಿಳಿಸಬಹುದು, ಏನು ಬೇಡ. ಒಪ್ಪಿದರೆ ವಿಶ್ವವಿದ್ಯಾಲಯದ ಒಪ್ಪಿಗೆ ಫಾರಂಗೆ ಅವನು ಸಹಿ ಹಾಕಲಿ. ತುರ್ತು ಸಂಪರ್ಕದ ಕಾಲಂನಲ್ಲಿ ದೇಶದ ಕೋಡ್ ಸಮೇತ ನಿಮ್ಮ ನಂಬರ್, ನೀವು ಮಾತಾಡುವ ಭಾಷೆ ಇರಲಿ. ಅಂಕಗಳ ವಿಚಾರಕ್ಕೆ ನಾವಾದರೆ ಫಾರಂಗಿಂತ ಮಾತುಕತೆಯನ್ನೇ ನಂಬುತ್ತೇವೆ. ಆಸ್ಪತ್ರೆಯ ವಿಚಾರಕ್ಕೆ ಮಾತ್ರ ಫಾರಂ ಬೇಕೇ ಬೇಕು.

ಇದರ ಇನ್ನೊಂದು ಮುಖ ಅನೇಕರಿಗೆ ಹೊಳೆಯುವುದಿಲ್ಲ. ಅವನು ಅಲ್ಲಿರುವಾಗ ಇಲ್ಲಿ ಅವನ ಬ್ಯಾಂಕಿನಲ್ಲೋ ತೆರಿಗೆಯ ಕೆಲಸದಲ್ಲೋ ಸಹಿ ಬೇಕಾದರೆ? ಯಾವ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆದ ವಿಶೇಷ ಅಧಿಕಾರ ಪತ್ರವನ್ನು (ಪವರ್ ಆಫ್ ಅಟಾರ್ನಿ) ನೋಟರಿ ಮಾಡಿಸಿಡಿ. ಇಲ್ಲಿ ಅರ್ಧ ದಿನದ ಕೆಲಸ. ಅಲ್ಲಿಂದ ಕಳಿಸಬೇಕೆಂದರೆ ರಾಯಭಾರ ಕಚೇರಿಗೆ ಅಲೆಯಬೇಕು, ಇಲ್ಲವೇ ಅಪಾಸ್ಟಿಲ್ ಮುದ್ರೆ ಹಾಕಿಸಬೇಕು. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ದಾಖಲೆಯನ್ನು ಇನ್ನೊಬ್ಬರು ಒಪ್ಪಿಕೊಳ್ಳುವುದು ಈ ಮುದ್ರೆಯಿಂದ. ಮಗನ ಪದವಿ, ಜನನ ಪ್ರಮಾಣಪತ್ರಗಳಿಗೆ ಇದು ಬೇಕೇ ಎಂದೂ ಈಗಲೇ ವಿಚಾರಿಸಿ.

ಪ್ರಶ್ನೆ: ಮಗಳಿಗೆ ಆಸ್ತಮಾ, ಜೊತೆಗೆ ಏಕಾಗ್ರತೆಯ ತೊಂದರೆಗೂ ಮಾತ್ರೆ ಇದೆ. ವರ್ಷಕ್ಕಾಗುವಷ್ಟು ಔಷಧಿ ಕಟ್ಟಿಕೊಟ್ಟರೆ ಸಾಕೇ?

ಸಾಲದು. ಕೆಲವು ದೇಶಗಳಲ್ಲಿ ಅದು ಅಪರಾಧವೂ ಆಗಬಹುದು. ಏಕಾಗ್ರತೆಗೆ ಕೊಡುವ ಮಾತ್ರೆಗಳಲ್ಲಿ ಆಂಫೆಟಮಿನ್ ಇದ್ದರೆ ಜಪಾನಿಗೆ ತರುವಂತಿಲ್ಲ. ವೈದ್ಯರ ಚೀಟಿ ಇದ್ದರೂ ಅಷ್ಟೇ. ಬೇರೆ ಔಷಧಿಗಳೂ ಒಂದು ತಿಂಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿದ್ದರೆ ಅಲ್ಲಿಗೆ ಮುಂಚಿತವಾಗಿ ಅನುಮತಿ ಪತ್ರ ಬೇಕು. ನೋವಿಗೆ, ಕೆಮ್ಮಿಗೆ ಕೊಡುವ ಕೊಡೀನ್ ಮೇಲೆ ಹಲವು ದೇಶಗಳಲ್ಲಿ ಕಟ್ಟುನಿಟ್ಟಿದೆ. ಆದ್ದರಿಂದ ಮೊದಲ ಕೆಲಸ: ಪ್ರತಿ ಔಷಧಿಯ ಮೂಲ ಹೆಸರು ಬರೆದುಕೊಂಡು ಆ ದೇಶದ ರಾಯಭಾರ ಕಚೇರಿಗೆ ಇಮೇಲ್ ಹಾಕಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳುವುದು. ನಿಷೇಧವಿದ್ದರೆ ವೈದ್ಯರು ಬದಲಿ ಔಷಧಿ ಹುಡುಕಿ, ಅದು ಮೈಗೆ ಒಗ್ಗುತ್ತದೆಯೇ ಎಂದು ನೋಡಲು ಎರಡು ಮೂರು ತಿಂಗಳಾದರೂ ಬೇಕು.

ಮೂಲ ಹೆಸರೇ ಏಕೆಂದರೆ ಕಂಪನಿಯ ಹೆಸರು ಗಡಿ ದಾಟಿದರೆ ನಡೆಯುವುದಿಲ್ಲ. ಮೂಲ ಹೆಸರೂ ಕೆಲವೆಡೆ ಬದಲಾಗುತ್ತದೆ. ನಿಮ್ಮ ಮಗಳ ನೀಲಿ ಇನ್‌ಹೇಲರ್‌ನಲ್ಲಿ ಬಹುಶಃ ಸಾಲ್ಬುಟಮಾಲ್ ಇರುತ್ತದೆ. ಅಮೆರಿಕದ ಔಷಧಿ ಅಂಗಡಿಯಲ್ಲಿ ಅದೇ ಅಲ್ಬುಟೆರಾಲ್. ಪ್ಯಾರಸಿಟಮಾಲ್ ಅಲ್ಲಿ ಅಸಿಟಮಿನೋಫೆನ್. ಉಸಿರು ಕಟ್ಟಿದ ರಾತ್ರಿ ಇದನ್ನು ಹುಡುಕುತ್ತ ಕೂರುವಂತಾಗಬಾರದು. ವೈದ್ಯರ ಪತ್ರದಲ್ಲಿ ಕಾಯಿಲೆ, ಎರಡೂ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವುದಕ್ಕೆ ಅಲರ್ಜಿ ಇಷ್ಟೂ ಟೈಪ್ ಆಗಿರಲಿ.

ಔಷಧಿಯನ್ನು ಅಂಗಡಿಯ ಮೂಲ ಪ್ಯಾಕಿನಲ್ಲೇ ಇಡಿ. ಮಾತ್ರೆ ಬಿಡಿಸಿ ಡಬ್ಬಿಗೆ ತುಂಬಬೇಡಿ, ಕಸ್ಟಮ್ಸ್‌ನಲ್ಲಿ ಅದು ಏನೆಂದು ತೋರಿಸುವುದು ಕಷ್ಟ. ಎಲ್ಲವೂ ಕ್ಯಾಬಿನ್ ಬ್ಯಾಗಿನಲ್ಲಿ ಹೋಗಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಇದು ಮುಖ್ಯ, ಕೆಳಗಿನ ಸಾಮಾನು ಕೋಣೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಲಿಕ್ಕೇ ಸರಿ. 'ಮುಗಿದರೆ ಕೊರಿಯರ್ ಮಾಡುತ್ತೇವೆ' ಎಂಬ ಭರವಸೆಯ ಮೇಲೆ ಕೂರಬೇಡಿ. ಔಷಧಿಯ ಪೊಟ್ಟಣಗಳನ್ನು ಅನೇಕ ದೇಶಗಳ ಕಸ್ಟಮ್ಸ್ ತಡೆಯುತ್ತದೆ. ತಂದ ದಾಸ್ತಾನು ಮುಗಿಯುವ ಒಂದು ತಿಂಗಳು ಮುಂಚೆಯೇ ಅಲ್ಲಿನ ವೈದ್ಯರನ್ನು ಕಾಣಬೇಕು, ಆ ತಾರೀಖನ್ನು ಅವಳ ಫೋನಿನಲ್ಲಿ ಅವಳೇ ಈಗ ಹಾಕಿಕೊಳ್ಳಲಿ.

ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವ ಮಕ್ಕಳಿಗೆ 'ಹೊಸ ಊರು, ಹೊಸ ಬದುಕು, ಇನ್ನು ಬೇಡ' ಎಂದು ಹೊರಡುವ ಹೊತ್ತಿಗೆ ನಿಲ್ಲಿಸಬೇಡಿ. ದಯವಿಟ್ಟು. ನಿದ್ದೆಗೆಟ್ಟು, ಒಂಟಿಯಾಗಿ, ಹೊಸ ಚಳಿಯಲ್ಲಿ ಕಳೆಯುವ ಮೊದಲ ವಾರಗಳು ಅದಕ್ಕೆ ತೀರಾ ಕೆಟ್ಟ ಸಮಯ.

ಲಸಿಕೆಗೂ ದಿನ ಎಣಿಸಬೇಕು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಆಗಿರುವ ಎಂಎಂಆರ್‌ನ ಎರಡು ಡೋಸುಗಳ ನಡುವೆ ಕನಿಷ್ಠ 28 ದಿನ ಬೇಕು. ಹೆಪಟೈಟಿಸ್ ಬಿ ಸಾಮಾನ್ಯವಾಗಿ 0, 1, 6 ತಿಂಗಳ ಲೆಕ್ಕ. ವಿಮೆಯಲ್ಲಿ ನೋಡಬೇಕಾದ್ದು ಮೊತ್ತವಷ್ಟೇ ಅಲ್ಲ: ಮೊದಲೇ ಇರುವ ಕಾಯಿಲೆಗೆ ಅನ್ವಯಿಸುತ್ತದೆಯೇ, ಮಾನಸಿಕ ಚಿಕಿತ್ಸೆ ಸೇರಿದೆಯೇ, ಪ್ರತಿ ಸಲ ಕೈಯಿಂದ ಎಷ್ಟು ಕೊಡಬೇಕು, ಆಸ್ಪತ್ರೆಗೆ ಅವರೇ ಕಟ್ಟುತ್ತಾರೋ ನಾವು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕೋ. ಆಸ್ತಮಾ ಇರುವ ಹುಡುಗಿಗೆ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಪ್ರಶ್ನೆ: ಹಣದ ವಿಚಾರದಲ್ಲಿ ಏನು ಕೆಡುತ್ತದೆ?

ಒಟಿಪಿ. ಇಳಿದ ರಾತ್ರಿ ಹುಡುಗ ಹೊಸ ಸಿಮ್ ಹಾಕಿಕೊಳ್ಳುತ್ತಾನೆ. ಹಳೆಯ ಸಿಮ್ ಪರ್ಸಿನ ಮೂಲೆಯಲ್ಲಿರುತ್ತದೆ. ಹಾಸ್ಟೆಲಿನವರು ಮುಂಗಡ ಕೇಳುತ್ತಾರೆ, ಕಾರ್ಡ್ ಹಾಕುತ್ತಾನೆ, ಬ್ಯಾಂಕು ಆರು ಅಂಕಿಯನ್ನು ಹಳೆಯ ನಂಬರಿಗೆ ಕಳಿಸುತ್ತದೆ. ಅಲ್ಲಿಗೆ ಎಲ್ಲ ನಿಂತಿತು.

ಎರಡು ಸಿಮ್ ಹಿಡಿಯುವ, ಯಾವ ಕಂಪನಿಗೂ ಲಾಕ್ ಆಗಿರದ ಫೋನ್ ಇರಲಿ. ಮನೆಯ ನಂಬರಿಗೆ ರೋಮಿಂಗ್ ಹಾಕಿಸಿ, ರೋಮಿಂಗ್‌ನಲ್ಲಿ ಮೆಸೇಜ್ ಬರುತ್ತದೆಯೇ ಎಂದು ಕಂಪನಿಯವರಿಂದ ಖಚಿತಪಡಿಸಿಕೊಳ್ಳಿ. ಆ ನಂಬರಿಗೆ ರೀಚಾರ್ಜ್ ತಪ್ಪಬಾರದು, ಬಹಳ ದಿನ ಸುಮ್ಮನೆ ಬಿದ್ದ ನಂಬರನ್ನು ಕಂಪನಿಗಳು ಇನ್ನೊಬ್ಬರಿಗೆ ಕೊಡುತ್ತವೆ. ಇಮೇಲಿಗೆ ಎರಡನೇ ಬೀಗ (ಪಾಸ್‌ವರ್ಡ್ ಜೊತೆಗೆ ಕೋಡನ್ನೂ ಕೇಳುವ ವ್ಯವಸ್ಥೆ) ಹಾಕಿದ್ದರೆ ಅದರ ಬ್ಯಾಕಪ್ ಕೋಡುಗಳನ್ನು ಕಾಗದಕ್ಕೆ ಇಳಿಸಿ ಫೋನಿನಿಂದ ಬೇರೆ ಕಡೆ ಇಡಿ. ಫೋನ್ ಕಳೆದ ದಿನ ಆ ಕಾಗದವೇ ಗತಿ.

ಬೇರೆ ಬೇರೆ ಜಾಲದ ಎರಡು ಕಾರ್ಡುಗಳಿರಲಿ, ಉದಾಹರಣೆಗೆ ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್. ಒಂದೇ ಪರ್ಸಿನಲ್ಲಿ ಎರಡನ್ನೂ ಇಡುವುದು ಬೇಡ. ಅಲ್ಲಿ ಯಂತ್ರ 'ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ?' ಎಂದು ಕೇಳಿದರೆ 'ಇಲ್ಲ, ಇಲ್ಲಿನ ಹಣದಲ್ಲೇ' ಎನ್ನಬೇಕು. ಹಾಗೆ ಮಾಡದಿದ್ದರೆ ಯಂತ್ರದವರೇ ದರ ಹಾಕುತ್ತಾರೆ, ಅದು ಬಹುತೇಕ ದುಬಾರಿ.

ಫೀಸು ಕಳಿಸುವಾಗ ನಡುವಿನ ಬ್ಯಾಂಕುಗಳು ತಮ್ಮ ಶುಲ್ಕ ಮುರಿದುಕೊಂಡು ಕಾಲೇಜಿಗೆ ಮೊತ್ತ ಚೂರು ಕಡಿಮೆ ತಲುಪುತ್ತದೆ. ಆ ಚೂರಿಗೇ ದಾಖಲಾತಿ ನಿಂತುಹೋಗಬಹುದು. ಪರದೇಶಕ್ಕೆ ಹಣ ಕಳಿಸುವ ಬ್ಯಾಂಕಿನ ಸ್ವಿಫ್ಟ್ ಫಾರಂನಲ್ಲಿ ಶುಲ್ಕ ಯಾರದು ಎಂಬಲ್ಲಿ 'ಅವರ್' (ಇಂಗ್ಲಿಷಿನ OUR) ಎಂಬುದನ್ನು ಆರಿಸಿದರೆ ಶುಲ್ಕ ಕಳಿಸುವವರ ಮೇಲೆ ಬೀಳುತ್ತದೆ. ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಬರೆಯಲು ಮರೆಯಬೇಡಿ. ಬಾಡಿಗೆ ಮನೆಗೆ ಮಾತ್ರ ಫೋಟೊ ನೋಡಿ ಮುಂಗಡ ಕಳಿಸಬೇಡಿ. ಮೊದಲ ಕೆಲವು ವಾರ ವಿಶ್ವವಿದ್ಯಾಲಯದ ವಸತಿಯಲ್ಲಿದ್ದು, ಮನೆಯನ್ನು ಕಣ್ಣಾರೆ ನೋಡಿ ಹಿಡಿಯಲಿ.

ಪ್ರಶ್ನೆ: ಲಗೇಜು?

ಚೆಕ್-ಇನ್ ಬ್ಯಾಗ್ ಹೆಚ್ಚಿನ ವಿಮಾನಗಳಲ್ಲಿ 23 ಕಿಲೊ. 32 ಕಿಲೊ ದಾಟಿದ ಒಂದೇ ಬ್ಯಾಗನ್ನು ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗಿನಲ್ಲಿ ಮಾತ್ರ, 100 ವಾಟ್-ಅವರ್ ಒಳಗೆ: 20,000 ಎಂಎಎಚ್‌ನದ್ದನ್ನು 3.7 ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿದರೆ 74, ತೊಂದರೆಯಿಲ್ಲ. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಅಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ '100-240' ಎಂದಿರುತ್ತದೆ, ಎಲ್ಲಿಯೂ ನಡೆಯುತ್ತದೆ. ಕೂದಲು ಒಣಗಿಸುವ ಯಂತ್ರದ ಮೇಲೆ ಹಾಗೆ ಬರೆದಿರದಿದ್ದರೆ ಮನೆಯಲ್ಲೇ ಬಿಡಿ. ತುಂಬಿದ ಬ್ಯಾಗನ್ನು ಹೊರಡುವವರೊಬ್ಬರೇ ಎತ್ತಿಕೊಂಡು ಎರಡು ಮಹಡಿ ಹತ್ತಿ ನೋಡಲಿ. ಆಗದಿದ್ದರೆ ತೂಕ ಹೆಚ್ಚಾಯಿತು.

ಪ್ರಶ್ನೆ: ದಿನಾ ವೀಡಿಯೊ ಕಾಲ್ ಮಾಡು ಎಂದಿದ್ದೇನೆ. ಮಗ ಮುಖ ಸಿಂಡರಿಸುತ್ತಾನೆ. ತಾಯಿಯಾಗಿ ಇಷ್ಟು ಕೇಳಬಾರದೇ?

ಕೇಳಬಹುದಮ್ಮ. ಆದರೆ ದಿನಾ ಕಾಲ್ ಮಾಡಬೇಕೆಂದರೆ ಅವನಿಗೆ ಅದು ಹಾಜರಿ ಹಾಕಿದಂತಾಗುತ್ತದೆ. ವಾರಕ್ಕೆ ಎರಡು ಸಲ ನಿಧಾನವಾಗಿ ಮಾತು, ಉಳಿದ ದಿನ ಒಂದು ಸಾಲಿನ ಮೆಸೇಜ್ ಎಂದು ಇಬ್ಬರೂ ಒಪ್ಪಿಕೊಳ್ಳಿ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ, ಅಮೆರಿಕದ ಹೆಚ್ಚಿನ ಕಡೆ ಮಾರ್ಚ್ ಎರಡನೇ ಮತ್ತು ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಆ ವಾರ ಅವನು ಕರೆಗೆ ಸಿಗದಿದ್ದರೆ ಗಾಬರಿಯಾಗುವ ಮುಂಚೆ ಇದನ್ನು ನೆನೆಯಿರಿ.

ಮೊದಲ ವಾರಗಳ ಉತ್ಸಾಹ ಇಳಿದ ಮೇಲೆ ಮಂಕು ಕವಿಯುತ್ತದೆ. ನಾರ್ವೆಯ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು, ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ವಿಚಾರಿಸಿ, 1955ರಲ್ಲೇ ಈ ಏರಿಳಿತವನ್ನು ಬರೆದಿದ್ದರು. ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಆಗ 'ವಾಪಸು ಬಂದುಬಿಡು' ಎನ್ನುವುದೂ ಬೇಡ, 'ಇಷ್ಟು ಖರ್ಚು ಮಾಡಿದ್ದೇವೆ' ಎನ್ನುವುದಂತೂ ಬೇಡವೇ ಬೇಡ. ಊಟವಾಯಿತೇ, ಇಂದು ಯಾರ ಜೊತೆ ಮಾತಾಡಿದೆ ಎಂದು ಕೇಳಿ. ಎರಡು ವಾರ ನಿದ್ದೆ ಊಟ ತಪ್ಪಿ, ತರಗತಿಗೂ ಹೋಗದೆ ಕೋಣೆಯಲ್ಲೇ ಉಳಿದರೆ ಅದು ಮನೆಯ ನೆನಪಷ್ಟೇ ಅಲ್ಲ. ವಿಶ್ವವಿದ್ಯಾಲಯದ ಆಪ್ತಸಮಾಲೋಚಕರ ನಂಬರ್ ನಿಮ್ಮ ಬಳಿಯೂ ಇರಲಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಅಲ್ಲಿನ ತುರ್ತು ಸಂಖ್ಯೆಯನ್ನು ಈಗಲೇ ಬರೆದಿಡಿ: ಅಮೆರಿಕ, ಕೆನಡಾದಲ್ಲಿ 911, ಯುರೋಪ್ ಒಕ್ಕೂಟದಲ್ಲಿ 112, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ನೀವು ಇಲ್ಲಿಂದ ಇವುಗಳಿಗೆ ಡಯಲ್ ಮಾಡಿದರೆ ಅಲ್ಲಿಗೆ ತಲುಪುವುದಿಲ್ಲ, ಅದಕ್ಕಾಗಿ ಕ್ಯಾಂಪಸ್ ಭದ್ರತಾ ಕಚೇರಿಯ ಪೂರ್ತಿ ನಂಬರ್, ದೇಶದ ಕೋಡ್ ಸಮೇತ, ಬೇಕು.

ಇನ್ನೊಂದು. ಪೊಲೀಸರೆಂದೋ ರಾಯಭಾರ ಕಚೇರಿಯವರೆಂದೋ ಹೇಳಿಕೊಂಡು ವಿದ್ಯಾರ್ಥಿಯನ್ನು ಹೆದರಿಸಿ, ಯಾರಿಗೂ ಹೇಳದಂತೆ ಕಟ್ಟಿಹಾಕಿ, ಅತ್ತ ಮನೆಯವರಿಗೆ 'ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ' ಎಂದು ದುಡ್ಡು ಕೇಳುವ ವಂಚಕರಿದ್ದಾರೆ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದವನ್ನು ಗೊತ್ತುಮಾಡಿಕೊಳ್ಳಿ, ಎಲ್ಲಿಯೂ ಬರೆದಿಡದೆ. ಅಂಥ ಕರೆ ಬಂದರೆ ಫೋನ್ ಇಟ್ಟು, ಮಗನ ನಂಬರಿಗೆ ನೀವೇ ಮಾಡಿ ಆ ಪದ ಕೇಳಿ. ಅವನು ಎತ್ತದಿದ್ದರೆ ಕ್ಯಾಂಪಸ್ ಭದ್ರತೆಗೆ ಮಾಡಿ. ದುಡ್ಡು ಕಳಿಸಬೇಡಿ.