ಓದುಗರ ಪ್ರಶ್ನೆ: ಬೆಕ್ಕಿನ ಸಕ್ಕರೆ ಕಾಯಿಲೆಗೆ ಮನೆಯ ಆರೈಕೆ

ಪ್ರಶ್ನೆ: ನಮ್ಮ ಬೆಕ್ಕು ಕೆಂಚನಿಗೆ 9 ವರ್ಷ. ಆರೂವರೆ ಕಿಲೋ ತೂಗುತ್ತಿದ್ದವನು ಎರಡು ತಿಂಗಳಲ್ಲಿ ಐದಕ್ಕೆ ಇಳಿದ. ಹಸಿವು ಮಾತ್ರ ಹೆಚ್ಚುತ್ತಲೇ ಹೋಯಿತು. ದನಗಳ ಬಾನಿಯ ನೀರನ್ನೂ ಬಿಡದೆ ಕುಡಿಯತೊಡಗಿದ. ಜಗಲಿಯ ಮೂಲೆಯಲ್ಲಿ ಅವನು ಮೂತ್ರ ಮಾಡಿದಲ್ಲಿ ಇರುವೆ ಮುತ್ತಿದ್ದನ್ನು ಮೊದಲು ಕಂಡವರು ನನ್ನ ಅತ್ತೆ. ಮೃಗಾಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಗ್ಲಾರ್ಜಿನ್ ಇನ್ಸುಲಿನ್ ದಿನಕ್ಕೆ ಎರಡು ಬಾರಿ 1 ಯೂನಿಟ್ ಕೊಡಲು ಹೇಳಿದ್ದಾರೆ. ಸೂಜಿಯ ಬದಲು ಮಾವನವರು ತೆಗೆದುಕೊಳ್ಳುವ ಮಾತ್ರೆಯ ಕಾಲು ಭಾಗ ಕೊಟ್ಟರಾಗದೇ? ನಮ್ಮದು ಸಸ್ಯಾಹಾರಿ ಮನೆ, ಕೆಂಚನಿಗೆ ಹಾಲು-ಅನ್ನವೇ ಊಟ.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಅತ್ತೆಯವರ ಕಣ್ಣು ಸೂಕ್ಷ್ಮವಾದದ್ದು. ರಕ್ತದಲ್ಲಿ ಮಿತಿಮೀರಿದ ಸಕ್ಕರೆ ಮೂತ್ರದಲ್ಲಿ ಹೊರಬೀಳುವುದರಿಂದಲೇ ಅಲ್ಲಿಗೆ ಇರುವೆ ಬಂದದ್ದು. ಸಕ್ಕರೆಯ ಜೊತೆಗೆ ನೀರೂ ಹೊರಹೋಗುವುದರಿಂದಲೇ ಆ ತೀರದ ಬಾಯಾರಿಕೆ.

ಮಾವನವರ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಮನುಷ್ಯರಿಗೆ ಬರೆದುಕೊಡುವ ಸಕ್ಕರೆ ಮಾತ್ರೆಗಳಲ್ಲಿ ಹೆಚ್ಚಿನವು ಬೆಕ್ಕಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಕೆಲವು ಅಪಾಯವನ್ನೂ ತರುತ್ತವೆ. ಬೆಕ್ಕಿಗೆಂದೇ ತಯಾರಾದ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ 2022ರಲ್ಲೂ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ 2023ರಲ್ಲೂ ಅಮೆರಿಕದಲ್ಲಿ ಅನುಮತಿ ದೊರೆತದ್ದು ನಿಜ. ಆದರೆ ಈಗಾಗಲೇ ಇನ್ಸುಲಿನ್ ಪಡೆದ ಬೆಕ್ಕಿಗೆ ಅವು ಸಲ್ಲವು. ಹಾಗಲಕಾಯಿ ರಸ, ಮೆಂತೆ ನೀರು ಮೊದಲಾದ ಮನೆಮದ್ದುಗಳನ್ನು ನಂಬಿ ವಾರಗಳನ್ನು ಕಳೆಯಬಾರದು. ಆರಂಭದಲ್ಲೇ ಸರಿಯಾದ ಇನ್ಸುಲಿನ್ ಮತ್ತು ಆಹಾರ ಸಿಕ್ಕಿದ ಕೆಲವು ಬೆಕ್ಕುಗಳು ಮುಂದೆ ಇನ್ಸುಲಿನ್ ಇಲ್ಲದೆಯೇ ಬದುಕುವ ಸ್ಥಿತಿಗೆ ಬರುವುದುಂಟು, ಆದ್ದರಿಂದ ಈಗಿನ ಒಂದೊಂದು ದಿನವೂ ಮುಖ್ಯ.

ಸೂಜಿಯ ಭಯ ವಾರದೊಳಗೆ ಹೋಗುತ್ತದೆ. ಅದು ಕೂದಲಿನಷ್ಟು ಸಣ್ಣದು. ಕೆಂಚ ತಟ್ಟೆಗೆ ಬಾಯಿ ಹಾಕಿ ತಿನ್ನುತ್ತಿರುವಾಗ ಅವನ ಹಿಂದೆ ಕುಳಿತು, ಭುಜದ ಹಿಂಭಾಗ ಅಥವಾ ಪಕ್ಕೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರೆ ಬುಡದಲ್ಲಿ ಸಣ್ಣ ಗುಳಿಯಾಗುತ್ತದೆ. ಸೂಜಿ ಹೋಗಬೇಕಾದದ್ದು ಅಲ್ಲಿಗೆ. ದಿನವೂ ಜಾಗ ಸ್ವಲ್ಪ ಬದಲಿಸಿ. ಬೆಳಗ್ಗೆ 7, ರಾತ್ರಿ 7 ಎಂದು ಹನ್ನೆರಡು ಗಂಟೆಗಳ ಅಂತರವಿರಲಿ. ಅವನು ಊಟ ಮುಟ್ಟದಿದ್ದರೆ ವೈದ್ಯರನ್ನು ಕೇಳದೆ ಸೂಜಿ ಹಾಕಬಾರದು. ಮದ್ದು ರೋಮದ ಮೇಲೆ ಚೆಲ್ಲಿ ಒದ್ದೆಯಾದರೂ ಎರಡನೆಯ ಬಾರಿ ಹಾಕಬಾರದು. ಒಂದು ಹೊತ್ತಿನ ಇನ್ಸುಲಿನ್ ತಪ್ಪಿದರೆ ಸಾಮಾನ್ಯವಾಗಿ ದೊಡ್ಡ ಹಾನಿಯಿಲ್ಲ, ಎರಡು ಪಟ್ಟಾದರೆ ಜೀವಕ್ಕೇ ಅಪಾಯ.

ನಿಮ್ಮ ಮನೆಯಲ್ಲಿ ನಿಜವಾಗಿ ಕಷ್ಟವಾಗುವುದು ಊಟದ ವಿಷಯ. ಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಅನ್ನದಲ್ಲಿಲ್ಲ, ಹಾಲಿನಲ್ಲಿರುವುದು ಸಾಲದು; ಇನ್ನೊಂದೆಡೆ ಅನ್ನದ ಪಿಷ್ಟವೆಲ್ಲ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಮನೆಯ ಆಚಾರವನ್ನು ನಾನು ಗೌರವಿಸುತ್ತೇನೆ, ಆದರೆ ಕೆಂಚನ ದೇಹಕ್ಕೆ ಆ ಆಚಾರ ಒಗ್ಗದು ಎಂದು ಹೇಳದಿರುವುದೂ ತಪ್ಪಾಗುತ್ತದೆ. ಅಡುಗೆಮನೆಗೆ ಮೀನು ಬರಬೇಕಾಗಿಲ್ಲ. ಪೇಟೆಯಲ್ಲಿ ಸಿಗುವ ಬೆಕ್ಕಿನ ಮೆದು ಆಹಾರದ ಪೊಟ್ಟಣಗಳಲ್ಲಿ ಪಿಷ್ಟ ಕಡಿಮೆ ಇರುವುದನ್ನು ವೈದ್ಯರಿಂದ ಕೇಳಿ ಆರಿಸಿ, ಹಟ್ಟಿಯ ಬದಿಯಲ್ಲೋ ಹಿತ್ತಿಲ ಜಗಲಿಯಲ್ಲೋ ಬೇರೆ ತಟ್ಟೆಯಲ್ಲಿ ಕೊಡಬಹುದು. ಒಣ ಕಾಳಿನಂಥ ಆಹಾರದಲ್ಲಿ ಸಾಮಾನ್ಯವಾಗಿ ಪಿಷ್ಟ ಹೆಚ್ಚು. ಈ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ, ನಿಧಾನವಾಗಿ ಮಾಡಿ. ಅನ್ನ ನಿಂತೊಡನೆ ಇನ್ಸುಲಿನ್ ಅಗತ್ಯವೂ ಇಳಿಯುವುದರಿಂದ ಹಳೆಯ ಪ್ರಮಾಣವೇ ಹೆಚ್ಚಾಗಿಬಿಡಬಹುದು.

ಮಾವನವರ ಗ್ಲೂಕೋಮೀಟರ್ ಮಾತ್ರ ನಿಮಗೆ ಉಪಯೋಗಕ್ಕೆ ಬರುತ್ತದೆ. ಕಿವಿಯಂಚನ್ನು ಬಿಸಿ ಬಟ್ಟೆಯಿಂದ ಒತ್ತಿ ಬೆಚ್ಚಗಾಗಿಸಿ, ಅಂಚಿನ ರಕ್ತನಾಳದ ಪಕ್ಕದಲ್ಲಿ ಚುಚ್ಚಿದರೆ ಒಂದು ಹನಿ ರಕ್ತ ಸಾಕು. ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಹೆಚ್ಚಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ನೆನಪಿನಲ್ಲಿಟ್ಟು ಅಂಕಿಗಳನ್ನು ಬರೆದಿಡಿ. ಸೂಜಿಗೆ ಮೊದಲಿನ ಅಳತೆ 200ಕ್ಕಿಂತ ಕೆಳಗಿದ್ದರೆ, ಹೊಸದಾಗಿ ಆರಂಭಿಸಿದವರು ವೈದ್ಯರಿಗೆ ಫೋನ್ ಮಾಡಿಯೇ ಮುಂದುವರಿಯಬೇಕು.

ಪ್ರಶ್ನೆ: ಐದು ತಿಂಗಳಿಂದ ನಮ್ಮ ಬೆಕ್ಕಿಗೆ ಇನ್ಸುಲಿನ್ ಕೊಡುತ್ತಿದ್ದೇವೆ. ಕಳೆದ ವಾರ ಹೊಸ ಸಿರಿಂಜ್ ತಂದು ಹಾಕಿದ ಮೂರು ಗಂಟೆಗಳಲ್ಲಿ ಅದು ತೂರಾಡಿ, ನಡುಗಿ ಬಿದ್ದುಬಿಟ್ಟಿತು. ಆಸ್ಪತ್ರೆಗೆ ಒಯ್ದು ಉಳಿಸಿಕೊಂಡೆವು. ಮೊದಲಿನ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು, ಇದು ಕೆಂಪು. ಅದೇ ಕಾರಣವೇ?
— ಓದುಗರೊಬ್ಬರು, ಉಪ್ಪಳ

ಉತ್ತರ: ಬಹುಶಃ ಅದೇ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಯ ಇನ್ಸುಲಿನ್ ಇವೆ. ಸಾಮಾನ್ಯವಾಗಿ ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆಯದು 100ಕ್ಕೆ. 100ರ ಮದ್ದನ್ನು ಕೆಂಪು ಸಿರಿಂಜಿನ 1 ಗೆರೆಯಷ್ಟು ಎಳೆದರೆ ಒಳಹೋಗುವುದು ಎರಡೂವರೆ ಯೂನಿಟ್. ಬಾಟಲಿಯ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಅಂಗಡಿಯ ಮೇಜಿನ ಮೇಲೆಯೇ ಜೊತೆಗಿಟ್ಟು ನೋಡಿ. ಮತ್ತೆ ಹಾಗಾದರೆ ಜೇನನ್ನೋ ಗ್ಲೂಕೋಸ್ ನೀರನ್ನೋ ಬೆರಳಲ್ಲಿ ಒಸಡಿಗೆ ಸವರಿ. ಸೆಳೆತವಿದ್ದಾಗ ಬಾಯಿಗೆ ಹೊಯ್ಯಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಜೇನಿನ ಶಕ್ತಿ ಮುಗಿದ ಮೇಲೂ ಇನ್ಸುಲಿನ್ ಕೆಲಸ ಮಾಡುತ್ತಲೇ ಇರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಇಡೀ ದಿನ ಕರೆಂಟ್ ಇರುವುದಿಲ್ಲ. ಇನ್ಸುಲಿನ್ ಕೆಡುತ್ತದೆಯೇ?
— ಓದುಗರೊಬ್ಬರು, ಪೆರ್ಲ

ಉತ್ತರ: ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆಗಳಲ್ಲಿ ಏನೂ ಆಗದು. ಅದಕ್ಕಿಂತ ಹೆಚ್ಚು ಹೊತ್ತಾದರೆ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಣ್ಣೀರಿರುವ ಮಣ್ಣಿನ ಪಾತ್ರೆಯಲ್ಲಿಟ್ಟು ಕತ್ತಲೆಯ ಮೂಲೆಯಲ್ಲಿಡಿ. ಐಸಿಗೆ ನೇರವಾಗಿ ತಾಗಿಸಬೇಡಿ; ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಅದನ್ನು ಬಳಸಬಾರದು.