ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ ಹಳೆ ಪದ್ಯ, ಕಾದಂಬರಿ ಬೇಕಾ?

ಹೈಸ್ಕೂಲ್ ಓದುವ ಮಗನಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ಬರಲ್ಲ, ಅಂಥವನಿಗೆ ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್ ಯಾಕೆ ಅಂತ ಕೇಳಿದ್ದೀರಿ. ನಾನು ವಿಜಯಪುರ ಜಿಲ್ಲೆಯ ಸಿಂದಗಿ ಕಡೆ ಇಂಗ್ಲಿಷ್ ಮೇಷ್ಟ್ರು. ಬೇಕು ಅಂತಲೇ ನನ್ನ ಉತ್ತರ. ಆದರೆ ಬೋರ್ಡ್ ಮೇಲೆ ಸಾರಾಂಶ ಬರೆದು, ಅದನ್ನು ನಕಲು ಮಾಡಿಸಿ, ಗೈಡ್ ನೋಡಿ ಉರು ಹೊಡೆಸೋದಾದರೆ ಬೇಡ. ಅಂಥ ಪಾಠ ಬಿಟ್ಟರೆ ಮಕ್ಕಳಿಗೇನೂ ನಷ್ಟವಿಲ್ಲ.

ಪದ್ಯ ಮೊದಲು ಕಿವಿಗೆ ಬೀಳಬೇಕು. ಅರ್ಥ ಆಮೇಲೆ. ವರ್ಡ್ಸ್‌ವರ್ತ್‌ನ 'ದಿ ಸಾಲಿಟರಿ ರೀಪರ್' ತಗೊಳ್ಳಿ. 1807ರಲ್ಲಿ ಅಚ್ಚಾದದ್ದು, ಬರೀ 32 ಸಾಲು. ಸ್ಕಾಟ್‌ಲೆಂಡಿನ ಗುಡ್ಡದ ಸೀಮೆಯಲ್ಲಿ ಒಬ್ಬಳೇ ಹುಡುಗಿ ಪೈರು ಕೊಯ್ದು ಸೂಡು ಕಟ್ಟುತ್ತಾ ಹಾಡುತ್ತಿದ್ದಾಳೆ. ಹಾಡು ಅವಳ ಭಾಷೆಯದು, ಕವಿಗೆ ತಿಳಿಯಲ್ಲ. ಏನು ಹಾಡುತ್ತಿದ್ದಾಳೆ, ಯಾರೂ ಹೇಳುವವರಿಲ್ಲವೇ ಅಂತ ಕೇಳುತ್ತಾನೆ. ಹಳೆ ಯುದ್ಧದ ಕಥೆಯೋ, ಮನೆಯ ದುಃಖವೋ ಅಂತ ಊಹಿಸುತ್ತಾನೆ.

ಇದು ಪಠ್ಯದಲ್ಲಿ ಇರಲಿ ಬಿಡಲಿ, ಹಿಂಗಾರಿ ಜೋಳದ ಸುಗ್ಗಿ ಹೊತ್ತಿಗೆ ಒಂಬತ್ತನೇ ತರಗತಿಗೆ ಓದುತ್ತೇನೆ. ಅದಕ್ಕೂ ಮೊದಲು ತಾಂಡಾದಿಂದ ಬರುವ ಮಕ್ಕಳಲ್ಲಿ ಒಬ್ಬರಿಂದ ಲಂಬಾಣಿ ಹಾಡು ಹೇಳಿಸುತ್ತೇನೆ. ಈ ಸಲ ಒಬ್ಬ ಹುಡುಗಿ ಎದ್ದು ನಿಂತು, ಕಿಟಕಿ ಕಡೆ ಮುಖ ಮಾಡಿ ಹಾಡಿದಳು. ಮೊದಲೆರಡು ಸಾಲಿಗೆ ಹಿಂದಿನ ಬೆಂಚಿನವರು ಕಿಸಕ್ಕೆಂದರು. ಆಮೇಲೆ ಉಸಿರಿಲ್ಲ. ಮುಗಿದ ಮೇಲೆ 'ಏನು ತಿಳೀತ್ರೋ?' ಅಂದೆ. 'ಏನೂ ತಿಳೀಲಿಲ್ರಿ ಸರ್, ಯಾರೋ ಊರು ಬಿಟ್ಟು ಹೊಂಟಂಗ ಅನಿಸ್ತು' ಅಂದ ಒಬ್ಬ. ಮದುವೆಯಾಗಿ ತಾಂಡಾ ಬಿಡುವ ಮದುಮಗಳು ಅಳುತ್ತಾ ಹಾಡುವ ಹಾಡು ಅದು! ಇನ್ನು ವರ್ಡ್ಸ್‌ವರ್ತ್‌ನ ಪಾಡು ವಿವರಿಸುವುದೇನಿದೆ?

ಆಮೇಲೆ ಡೆಸ್ಕ್ ಬಡಿಯುತ್ತಾ ಪದ್ಯ ಓದುತ್ತೇವೆ. ಒತ್ತಿ ಹೇಳುವ ಕಡೆಗೊಂದರಂತೆ ಸಾಲಿಗೆ ನಾಲ್ಕು ಪೆಟ್ಟು. ಪ್ರತಿ ಎಂಟು ಸಾಲಿನ ನುಡಿಯಲ್ಲಿ ನಾಲ್ಕನೇ ಸಾಲಿಗೆ ಮಾತ್ರ ಮೂರೇ. ಇದನ್ನು ನಾನು ಹೇಳುವುದಿಲ್ಲ. ಒಂದು ಪೆಟ್ಟು ಗಾಳಿಯಲ್ಲಿ ಉಳಿದಾಗ ಮಕ್ಕಳೇ ಹಿಡಿಯುತ್ತಾರೆ. ಮಾತಾಡೋಕೆ ಬರಲ್ಲ ಅಂದಿರಲ್ಲ, ಅದಕ್ಕೂ ಮದ್ದು ಇಲ್ಲೇ ಇದೆ. ನಾವು ಕನ್ನಡದಲ್ಲಿ ಎಲ್ಲ ಅಕ್ಷರವನ್ನೂ ಸ್ಪಷ್ಟವಾಗಿ ನುಡಿಯುತ್ತೇವೆ. ಇಂಗ್ಲಿಷಿನಲ್ಲಿ ಒಂದು ಕಡೆ ಒತ್ತಿ, ಉಳಿದದ್ದನ್ನು ತೇಲಿಸಿಬಿಡಬೇಕು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ಹತ್ತನೇ ತರಗತಿ ದ್ವಿತೀಯ ಭಾಷೆಯ ಪುಸ್ತಕದಲ್ಲಿ ನಾವು ಕಲಿಸುತ್ತಾ ಬಂದ 'ಕ್ವಾಲಿಟಿ ಆಫ್ ಮರ್ಸಿ'ಯ ಕಥೆ ಬೇರೆ. ಅದು ಶೇಕ್ಸ್‌ಪಿಯರ್‌ನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಒಂದು ತುಂಡು. ಅದನ್ನಷ್ಟೇ ಬಾಯಿಪಾಠ ಮಾಡಿಸಿದರೆ ಉಪದೇಶ ಕೇಳಿದ ಹಾಗಾಗುತ್ತದೆ, ಅಷ್ಟೇ. ಮೊದಲು ಸಾಲದ ಪತ್ರದ ಕಥೆ ಹೇಳಬೇಕು. ಮೂರು ಸಾವಿರ ಡಕಟ್ (ಆಗಿನ ಚಿನ್ನದ ನಾಣ್ಯ) ಸಾಲ, ಮೂರು ತಿಂಗಳ ವಾಯಿದೆ, ಬಡ್ಡಿ ಇಲ್ಲ, ತಪ್ಪಿದರೆ ಮೈಯಿಂದ ಒಂದು ಪೌಂಡ್ ಮಾಂಸ. ಸಾಲ, ವಾಯಿದೆ ನಮ್ಮ ಮಕ್ಕಳಿಗೆ ಹೊಸದಲ್ಲ. ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ ಕೋರ್ಟಿನಲ್ಲಿ ಕರುಣೆ ಬಗ್ಗೆ ಆಡುವ ಮಾತೇ ಈ ಪದ್ಯ. ಅಷ್ಟು ಚೆಂದ ಮಾತಾಡಿದರೂ ಸಾಲ ಕೊಟ್ಟ ಶೈಲಾಕ್ ಕರಗುವುದಿಲ್ಲ. ಕೊನೆಗೆ ಗೆಲ್ಲಿಸುವುದು ಮಾಂಸ ತಗೋ, ರಕ್ತ ಹನಿಯಬಾರದು ಅನ್ನುವ ವಕೀಲಿ ಬುದ್ಧಿ. ಸಾಲದ ಪತ್ರ ಬರೆದುಕೊಟ್ಟ ಆಂಟೋನಿಯೋ ಹಿಂದೆ ಶೈಲಾಕ್ ಮೇಲೆ ಉಗುಳಿದವನು ಅಂತ ಹೇಳಿದರೆ ಕ್ಲಾಸ್ ಎರಡು ಪಾರ್ಟಿ ಆಗುತ್ತದೆ. ಆಗ ಮಕ್ಕಳು ಹರಕು ಮುರುಕು ಇಂಗ್ಲಿಷಿನಲ್ಲೇ ಜಗಳಕ್ಕೆ ಇಳೀತಾರೆ. ನನಗೆ ಬೇಕಾದದ್ದೂ ಅದೇ.

ಕಾದಂಬರಿ ಇಡಿಯಾಗಿ ಬೇಡ, ನಮ್ಮ ಪೀರಿಯಡ್‌ಗಳಲ್ಲಿ ಆಗಲ್ಲ. ಡಿಕನ್ಸ್‌ನ 'ಆಲಿವರ್ ಟ್ವಿಸ್ಟ್' ಬಂದಿದ್ದೇ 1837ರಿಂದ 1839ರವರೆಗೆ ಪತ್ರಿಕೆಯಲ್ಲಿ ಕಂತು ಕಂತಾಗಿ. ನಾವೂ ಕಂತಿನಲ್ಲೇ ಓದಬಹುದು. ಕಥೆ ಕನ್ನಡದಲ್ಲಿ ಹೇಳಿ, ಪಾತ್ರಗಳ ಮಾತನ್ನಷ್ಟೇ ಇಂಗ್ಲಿಷಿನಲ್ಲಿ ಮಕ್ಕಳಿಂದ ಓದಿಸುತ್ತೇನೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟ್‌ನಲ್ಲಿ ಪೂರ್ತಿ ಪುಸ್ತಕ ಪುಕ್ಕಟೆ ಸಿಗುತ್ತದೆ. ನಿಮ್ಮ ಮಗನಿಗೆ ಮೊದಲ ಪುಟದಿಂದ ಶುರು ಮಾಡಿಸಬೇಡಿ, ಡಿಕನ್ಸ್‌ನ ಉದ್ದುದ್ದ ವ್ಯಂಗ್ಯಕ್ಕೆ ಸುಸ್ತಾಗುತ್ತಾನೆ. ಎರಡನೇ ಅಧ್ಯಾಯದ ಕೊನೆಗೆ ಹೋಗಿ. ಹಸಿದ ಹುಡುಗರು ಚೀಟಿ ಎತ್ತಿ, ಇನ್ನೊಂದಿಷ್ಟು ಗಂಜಿ ಕೇಳಲು ಅನಾಥ ಹುಡುಗ ಆಲಿವರ್‌ನನ್ನು ಕಳಿಸುವ ಜಾಗ ಅದು. ಅಲ್ಲಿಂದ ಜೋರಾಗಿ ಓದಿಸಿ.