ಮುಂದಿನ ಸೀಸನ್‌ನಲ್ಲಿ ಬೇಸ್‌ಬಾಲ್ ತಂಡವೊಂದು ಎಷ್ಟು ಪಂದ್ಯ ಗೆಲ್ಲಬಹುದೆಂದು ಊಹಿಸುವುದು ಹೇಗೆ?

ಕಳೆದ ವರ್ಷದ ಗೆಲುವಿನ ಪಟ್ಟಿಯನ್ನು ಮೊದಲು ಪಕ್ಕಕ್ಕಿಡಿ. ತಂಡ ಗಳಿಸಿದ ರನ್ ಎಷ್ಟು, ಬಿಟ್ಟುಕೊಟ್ಟದ್ದು ಎಷ್ಟು ಎಂದು ನೋಡಿ. ಗಳಿಸಿದ ರನ್‌ಗಳ ವರ್ಗವನ್ನು ಈ ಎರಡೂ ಸಂಖ್ಯೆಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ, ತಂಡ ಗೆಲ್ಲಬೇಕಾಗಿದ್ದ ಪ್ರಮಾಣ ಹೆಚ್ಚುಕಡಿಮೆ ಸಿಗುತ್ತದೆ. ಇದು ಬೇಸ್‌ಬಾಲ್ ಅಂಕಿಅಂಶಗಳ ತಜ್ಞ ಬಿಲ್ ಜೇಮ್ಸ್ ಕೊಟ್ಟ ಸೂತ್ರ.

2012ರ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನೇ ತೆಗೆದುಕೊಳ್ಳಿ. ಗಳಿಸಿದ್ದು 712 ರನ್, ಕೊಟ್ಟದ್ದು 705. ಸೂತ್ರದ ಪ್ರಕಾರ ಸೀಸನ್‌ನ 162 ಪಂದ್ಯಗಳಲ್ಲಿ ಸುಮಾರು 82 ಗೆಲ್ಲಬೇಕಿತ್ತು, ಗೆದ್ದದ್ದು 93! ಒಂದೇ ರನ್ ಅಂತರದ ಪಂದ್ಯಗಳಲ್ಲಿ 29 ಗೆದ್ದು, ಬರೀ 9 ಸೋತಿದ್ದರು. ಅದನ್ನು ಎದೆಗಾರಿಕೆ ಎನ್ನುವವರು ಎನ್ನಲಿ, ನನ್ನ ಲೆಕ್ಕದಲ್ಲಿ ಬಹುಪಾಲು ಅದೃಷ್ಟ. ಮರುವರ್ಷ ಅಂಥ ಪಂದ್ಯಗಳಲ್ಲಿ 20 ಗೆದ್ದು 31 ಸೋತರು. ಒಟ್ಟು ಗೆಲುವು 85ಕ್ಕೆ ಇಳಿಯಿತು.

ಇದಕ್ಕೆ ಆಟಗಾರರ ವಯಸ್ಸು, ಗಾಯ, ಬಂದವರು ಹೋದವರ ಲೆಕ್ಕ ಸೇರಿಸಿ. ಮುಂದಿನ ಸೀಸನ್‌ನ ಆಟವನ್ನು ಅಂದಾಜಿಸುವ ಪೆಕೋಟಾದಂಥ ಲೆಕ್ಕಾಚಾರದ ಮಾದರಿಗಳು ಒಬ್ಬೊಬ್ಬ ಆಟಗಾರನನ್ನೂ ಅಳೆದು ಕೂಡಿಸುತ್ತವೆ. ಆದರೂ ಬರಿಯ ಆಕಸ್ಮಿಕದಿಂದಲೇ ಆರು ಗೆಲುವು ಆಚೀಚೆಯಾಗುವುದು ಮಾಮೂಲು. ಆದ್ದರಿಂದ ಲೆಕ್ಕ 88 ಎಂದು ಬಂದರೆ, 82ರಿಂದ 94ರ ನಡುವೆ ಎಂದು ಹೇಳಿ.